ಒಕ್ಕೂಟದ ಸಿಬ್ಬಂದಿ ದೂರು ಕೊಟ್ಟರೆ ಹೊಣೆ ಯಾರದು?



ಸಾಲ, ಉಳಿತಾಯ, ಬಡ್ಡಿ ಲೆಕ್ಕ ಇವನ್ನೆಲ್ಲ ನಾವು ಬಹಳ ಸಲ ಮಾತಾಡಿದ್ದೇವೆ. ಈ ಸಲದ ಪಾಠ ಸಭೆಯಲ್ಲಿ ಸಾಮಾನ್ಯವಾಗಿ ಯಾರೂ ಎತ್ತದ ವಿಷಯದ ಬಗ್ಗೆ. ಹತ್ತು ಹದಿನೈದು ಜನ ಸೇರಿ ಸಂಘ ಮಾಡಿದೆವು. ಸಂಘಗಳು ಸೇರಿ ಒಕ್ಕೂಟ ಆಯಿತು, ಕೆಲವು ಕಡೆ ಸಹಕಾರಿಯೂ ಆಯಿತು. ಈಗ ಪುಸ್ತಕ ಬರೆಯಲು ಒಬ್ಬಳು, ಮನೆಮನೆಯಿಂದ ಹಣ ತರಲು ಇಬ್ಬರು, ಆಫೀಸು ಗುಡಿಸಲು ಒಬ್ಬರು ಇದ್ದಾರೆ. ಅಂದರೆ ನಾವು ಧಣಿಗಳಾಗಿದ್ದೇವೆ! ನಗಬೇಡಿ, ಕಾನೂನಿನ ಕಣ್ಣಿಗೆ ನಾವು ಹಾಗೆಯೇ ಕಾಣುವುದು.

ಒಂದು ಒಕ್ಕೂಟದಲ್ಲಿ ನಡೆದದ್ದನ್ನು ಹೇಳುತ್ತೇವೆ. ಆರು ವರ್ಷ ಲೆಕ್ಕ ಬರೆದ ಹುಡುಗಿ ಬಸುರಿಯಾದಳು. ಏಳನೇ ತಿಂಗಳಲ್ಲಿ ಪದಾಧಿಕಾರಿಗಳು "ನೀನು ಮನೆಯಲ್ಲಿ ಆರಾಮ ಮಾಡು, ಆಮೇಲೆ ನೋಡುವ" ಎಂದರು. ಪ್ರೀತಿಯಿಂದಲೇ ಹೇಳಿದ್ದು. ಅವಳ ಜಾಗಕ್ಕೆ ಬೇರೆಯವಳು ಬಂದಳು. ಮಗುವಿಗೆ ಐದು ತಿಂಗಳಾದ ಮೇಲೆ ಇವಳು ಬಂದರೆ ಕುರ್ಚಿ ಇಲ್ಲ, ಎರಡು ತಿಂಗಳ ಬಾಕಿಯೂ ಕೈಗೆ ಬಂದಿರಲಿಲ್ಲ. ವಕೀಲರ ನೋಟೀಸು ಬಂದಾಗ ಅಧ್ಯಕ್ಷೆ ಕೇಳಿದ್ದು ಒಂದೇ ಮಾತು: "ಅವಳು ನಮ್ಮ ನೌಕರಳೇ ಅಲ್ಲವಲ್ಲ, ನಾವು ಕೊಡ್ತಿದ್ದದ್ದು ಗೌರವಧನ ಅಲ್ವಾ?" ನೇಮಕಾತಿ ಪತ್ರ ಇರಲಿಲ್ಲ. ನಿರ್ಣಯ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ನಾವು ಮಧ್ಯೆ ಕೂತು, ಬಾಕಿ ಕೊಡಿಸಿ, ವಿಷಯ ಮುಗಿಸಿದೆವು. ಆದರೆ ಆ ಹುಡುಗಿ ಇವತ್ತಿಗೂ ದಾರಿಯಲ್ಲಿ ಸಿಕ್ಕಿದರೆ ಮುಖ ತಿರುಗಿಸುತ್ತಾಳೆ. ಅವಳಿಗೆ ಮೊದಲೇ ನಿಯಮ ತಿಳಿಸದ ತಪ್ಪು ನಮ್ಮದೂ ಹೌದು.

'ಗೌರವಧನ', 'ಕಮಿಷನ್' ಎಂದು ಬರೆದ ಮಾತ್ರಕ್ಕೆ ಹೊಣೆ ತಪ್ಪುತ್ತದೆಯೇ? ಇದಕ್ಕೆ ನಮ್ಮ ಕರಾವಳಿಯಲ್ಲಿ ಹುಟ್ಟಿದ ಪಿಗ್ಮಿಯ ಕಥೆಯೇ ಉತ್ತರ. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಉಳಿತಾಯ ಸಂಗ್ರಹಿಸುವ ಈ ಯೋಜನೆ ತಂದಿತು. (2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.) ಹಣ ತರುವವರಿಗೆ ಕೊಡುತ್ತಿದ್ದದ್ದು ಕಮಿಷನ್. ಅವರು ಬರೀ ಏಜೆಂಟರು, ನೌಕರರಲ್ಲ ಎಂಬುದು ಬ್ಯಾಂಕುಗಳ ವಾದ. ವರ್ಷಗಟ್ಟಲೆ ನಡೆದ ಆ ವ್ಯಾಜ್ಯ 2001ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಆ ಕಮಿಷನ್ ಕೂಡ ವೇತನವೇ, ಕೆಲಸದ ಮೇಲೆ ಬ್ಯಾಂಕಿನ ಹಿಡಿತ ಇರುವುದರಿಂದ ಅವರು ಕಾರ್ಮಿಕರೇ ಎಂದು ಕೋರ್ಟು ಹೇಳಿತು. ಖಾಯಂ ಗುಮಾಸ್ತರಿಗೆ ಸಮ ಎಂದು ಹೇಳಲಿಲ್ಲ, ಅದು ಬೇರೆ ಮಾತು. ಹೆಸರು ಏನೇ ಇಡಿ, ಕೆಲಸ ಹೇಗೆ ನಡೆಯುತ್ತದೆ ಎಂದು ಕೋರ್ಟು ನೋಡುತ್ತದೆ.

ಇನ್ನೊಂದು ವಿಷಯ, ಹೇಳಲು ನಾಚಿಕೆಯಾದರೂ ಹೇಳಲೇಬೇಕು. ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ ಸರಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ದುಡಿಯುತ್ತಿದ್ದ ಕಾರ್ಯಕರ್ತೆ. ನಮ್ಮ ಪ್ರೇರಕಿಯರ ಹಾಗೆಯೇ. 1992ರಲ್ಲಿ ಒಂದು ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆ ಘಟನೆಯ ನಂತರ ಮಹಿಳಾ ಸಂಘಟನೆಗಳು ಹಾಕಿದ ಅರ್ಜಿಯ ಮೇಲೆ 1997ರಲ್ಲಿ ಸುಪ್ರೀಂ ಕೋರ್ಟು ವಿಶಾಖಾ ತೀರ್ಪು ಕೊಟ್ಟಿತು. 2013ರಲ್ಲಿ ಅದು ಕಾನೂನಾಯಿತು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು, ಅದಕ್ಕೆ ಮಹಿಳೆಯೇ ಅಧ್ಯಕ್ಷೆ. ಸಮಿತಿ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ಹತ್ತು ಜನ ಇಲ್ಲದ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಬರವಣಿಗೆಯಲ್ಲಿ ದೂರು ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಸಂಬಳ ಇಲ್ಲದೆ ಸೇವೆ ಮಾಡುವವರೂ ಈ ಕಾನೂನಿನ ಒಳಗೆ ಬರುತ್ತಾರೆ. ವಸೂಲಿಗೆ ಹೋದ ಹುಡುಗಿ "ಆ ಮನೆಗೆ ನಾನು ಒಬ್ಬಳೇ ಹೋಗುವುದಿಲ್ಲ" ಎಂದರೆ ಅದನ್ನು ಸೋಮಾರಿತನ ಎಂದುಕೊಳ್ಳಬೇಡಿ. ಕೂರಿಸಿ ಕೇಳಿ.

"ಎಲ್ಲದಕ್ಕೂ ವಿಮೆ ಇದೆಯಲ್ಲ, ಇದಕ್ಕಿಲ್ಲವಾ?" ಎಂದು ಒಂದು ತರಬೇತಿಯಲ್ಲಿ ಒಬ್ಬರು ಅಕ್ಕ ಕೇಳಿದರು. ಒಳ್ಳೆಯ ಪ್ರಶ್ನೆ. ಇದೆ. ನೌಕರರು ತಾರತಮ್ಯ, ಕಿರುಕುಳ, ಅನ್ಯಾಯದ ವಜಾ ಎಂದು ಮಾಲೀಕರ ಮೇಲೆ ದಾವೆ ಹಾಕಿದಾಗ ವಕೀಲರ ಖರ್ಚು, ಪರಿಹಾರದ ಹಣ ಭರಿಸುವ ವಿಮೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಹೆಚ್ಚು ಬಳಕೆಗೆ ಬಂತು. ಅಲ್ಲಿನ ಹಣಕಾಸು ಸಂಸ್ಥೆಗಳ ಮೇಲೆ ಎಂಥ ದಾವೆಗಳು ಬರುತ್ತವೆ ನೋಡಿ: ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ದೊಡ್ಡ ಸಂಸ್ಥೆಯ ಮೇಲೆ ಸಂಬಳ, ಬಡ್ತಿಯಲ್ಲಿ ಹೆಂಗಸರಿಗೆ ತಾರತಮ್ಯ ಎಂದು 2010ರಲ್ಲಿ ಮೊಕದ್ದಮೆ ಬಿತ್ತು. 2023ರಲ್ಲಿ ಸಂಸ್ಥೆ ತಪ್ಪು ಒಪ್ಪಿಕೊಳ್ಳದೆಯೇ ಸುಮಾರು 2,800 ಮಹಿಳೆಯರಿಗಾಗಿ 21.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಹದಿಮೂರು ವರ್ಷ ಕಾದರು ಆ ಹೆಂಗಸರು.

ನಮ್ಮ ದೇಶದಲ್ಲೂ ಕಂಪನಿಗಳಿಗೆ ಇಂಥ ಪಾಲಿಸಿ ಸಿಗುತ್ತದೆ. ಆದರೆ ಮೊದಲಿನ ಒಂದಿಷ್ಟು ಮೊತ್ತ ನಾವೇ ಭರಿಸಬೇಕು. ಪಾಲಿಸಿ ಚಾಲ್ತಿಯಲ್ಲಿರುವಾಗಲೇ ದೂರು ಬಂದು, ಅದನ್ನು ಕೂಡಲೇ ವಿಮಾ ಕಂಪನಿಗೆ ತಿಳಿಸಿರಬೇಕು. ಕೊಡಬೇಕಾದ ಸಂಬಳದ ಬಾಕಿ ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ. ಬೇಕೆಂದೇ ಮಾಡಿದ ಅಪರಾಧಕ್ಕೂ ರಕ್ಷಣೆ ಇಲ್ಲ. ಒಕ್ಕೂಟಗಳು ಕ್ಯಾಶಿಗೆ ಮಾಡಿಸುವ ವಿಮೆಯೂ, ಸಿಬ್ಬಂದಿ ಹಣ ನುಂಗಿದರೆ ಸಿಗುವ ಫಿಡೆಲಿಟಿ ವಿಮೆಯೂ ಬೇರೆ, ಇದು ಬೇರೆ. ನಾಲ್ಕೈದು ಜನ ಸಿಬ್ಬಂದಿ ಇರುವ ಒಕ್ಕೂಟ ಈ ವಿಮೆಗೆ ಕಂತು ಕಟ್ಟುವ ಅಗತ್ಯ ನಮಗೇನೂ ಕಾಣುವುದಿಲ್ಲ. ಸಹಕಾರಿಯಾಗಿ ಬೆಳೆದು, ಶಾಖೆಗಳಾಗಿ, ಇಪ್ಪತ್ತು ಮೂವತ್ತು ಜನ ದುಡಿಯುವಲ್ಲಿ ಆಡಳಿತ ಮಂಡಳಿಯವರು ವಿಚಾರಿಸಿ ನೋಡಬಹುದು.

ನಮಗೆ ಈಗ ಬೇಕಾದದ್ದು ಕಾಗದ. ಕೆಲಸ ಏನು, ಸಂಬಳ ಎಷ್ಟು, ರಜೆ ಎಷ್ಟು ಎಂದು ಬರೆದ ನೇಮಕಾತಿ ಪತ್ರ, ಎರಡೂ ಕಡೆಯ ಸಹಿ. ತೆಗೆಯುವ ಮೊದಲು ಕಾರಣ ಬರೆದು ಕೊಡಬೇಕು, ಅವಳ ಮಾತನ್ನೂ ಕೇಳಿ ನಿರ್ಣಯ ಪುಸ್ತಕದಲ್ಲಿ ದಾಖಲಿಸಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟವರಿಗೂ ತೆಗೆಯಲ್ಪಟ್ಟವರಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು. ಒಂದೇ ಕೆಲಸಕ್ಕೆ ಗಂಡಸಿಗೊಂದು ಹೆಂಗಸಿಗೊಂದು ಸಂಬಳ ಕೂಡದು. ಹತ್ತು ಜನ ಇರುವ ಸಂಸ್ಥೆಯಲ್ಲಿ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಕಾನೂನೇ ಕೊಡುತ್ತದೆ, ಅದಕ್ಕೆ ಹಿಂದಿನ ಒಂದು ವರ್ಷದಲ್ಲಿ 80 ದಿನ ದುಡಿದಿರಬೇಕು. ಸಣ್ಣ ಒಕ್ಕೂಟಕ್ಕೆ ಅಷ್ಟು ಆಗದಿದ್ದರೆ ಎಷ್ಟು ಆಗುತ್ತದೋ ಅಷ್ಟಕ್ಕೆ ನಿರ್ಣಯ ಮಾಡಿ. ಅವಳ ಕುರ್ಚಿಯನ್ನಾದರೂ ಕಾಯ್ದಿಡಿ. ನ್ಯಾಯವಾದ ಕೂಲಿಯ ಬಗ್ಗೆ 13ನೇ ಲಿಯೋ ಪೋಪ್ ಸ್ವಾಮಿಗಳು 1891ರಲ್ಲೇ ವಿಶ್ವಪತ್ರ ಬರೆದರು. ಅದು ಬರೀ ಕಾರ್ಖಾನೆ ಮಾಲೀಕರಿಗೆ ಎಂದು ನಾವು ಓದಿ ಬದಿಗಿಟ್ಟಿದ್ದೆವು.

ಮುಂದಿನ ಸಭೆಯಲ್ಲಿ ಚರ್ಚಿಸಿ: ನಮ್ಮ ಒಕ್ಕೂಟದಲ್ಲಿ ದುಡಿಯುವವರ ಹೆಸರು, ಸಂಬಳ, ಸೇರಿದ ದಿನ ಎಲ್ಲಿ ಬರೆದಿದೆ? ಅವರಿಗೆ ತೊಂದರೆಯಾದರೆ ಯಾರಲ್ಲಿ ಹೇಳಬೇಕೆಂದು ಅವರಿಗೆ ಗೊತ್ತುಂಟಾ? ಪ್ರತಿನಿಧಿಗಳು ಉತ್ತರ ಬರೆದು ಮುಂದಿನ ವಲಯ ಸಭೆಗೆ ತನ್ನಿ. ಪುಸ್ತಕ ಬರೆಯುವವಳನ್ನೂ ಆ ಚರ್ಚೆಗೆ ಕೂರಿಸಿಕೊಳ್ಳಿ, ಚಹಾ ತರಲು ಕಳುಹಿಸಬೇಡಿ.