ನಮ್ಮ ಕಾದಂಬರಿಗಳಲ್ಲಿ ಮನೆಯೂ ಮನೆಯ ಮಕ್ಕಳೂ

ಊರಿಗೆ ಹೊಸದಾಗಿ ಬಂದ ಹುಡುಗಿಯನ್ನು ನಮ್ಮ ನಾಡಿನ ಹಿರಿಯರು ಮೊದಲು ಕೇಳುವ ಪ್ರಶ್ನೆಯೆಂದರೆ, "ನೀನು ಯಾರ ಮನೆಯವಳಮ್ಮಾ?" ಎಂಬುದು. ಹೆಸರನ್ನು ಆಮೇಲೆ ಕೇಳುವರು. ಈ ಒಂದು ಪ್ರಶ್ನೆಯಲ್ಲಿ ಕುಲ, ಊರು, ಬಂಧುಬಳಗ, ಅನ್ನದ ಋಣ ಎಲ್ಲವೂ ಅಡಗಿರುತ್ತವೆ. ಹೆಣ್ಣುಮಕ್ಕಳಿಗಂತೂ ಇದಕ್ಕೆ ಎರಡು ಉತ್ತರಗಳುಂಟು, ತವರಿನದೊಂದು, ಅತ್ತೆಯ ಮನೆಯದೊಂದು. ವಿದ್ಯಾರ್ಥಿನಿಲಯದಲ್ಲಿ ಬೆಳೆದವರಿಗೆ ಮೂರನೆಯ ಉತ್ತರವೂ ಒಂದುಂಟೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಚೆನ್ನಾಗಿ ಬಲ್ಲರು.

ಕಾದಂಬರಿಗಳನ್ನು ಓದಿದರೆ ಹುಡುಗಿಯರು ಕೆಡುವರೆಂದು ಹೇಳುವ ತಂದೆತಾಯಂದಿರು ಈಗಲೂ ಇದ್ದಾರೆ. ಅವರನ್ನು ನಾವು ದೂರಲಾರೆವು, ಏಕೆಂದರೆ ಒಂದು ಕಾಲದಲ್ಲಿ ನಮ್ಮ ಅಭಿಪ್ರಾಯವೂ ಅದೇ ಆಗಿದ್ದಿತು. ನಾವು ಉಪಾಧ್ಯಾಯಿನಿಯಾಗಿ ಸೇರಿದ ಹೊಸದರಲ್ಲಿ, ಸಂಜೆಯ ಓದಿನ ವೇಳೆಯಲ್ಲಿ ಒಬ್ಬ ಹುಡುಗಿ ಗಣಿತದ ಪುಸ್ತಕದ ಮರೆಯಲ್ಲಿ ಕಾದಂಬರಿಯೊಂದನ್ನು ಓದುತ್ತಿರುವುದನ್ನು ಕಂಡೆವು. ಒಂದು ಮಾತನ್ನೂ ಕೇಳದೆ ಅದನ್ನು ಕಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಆ ವರ್ಷದ ಕೊನೆಗೆ ಅವಳು ಶಾಲೆಯನ್ನು ಬಿಟ್ಟುಹೋದಳು. ಅವಳ ತಂದೆ ಊರಿನ ಗದ್ದೆಯನ್ನೂ ಮನೆಯನ್ನೂ ಮಾರಿ ಸಂಸಾರಸಹಿತ ದೂರದ ಪಟ್ಟಣಕ್ಕೆ ಹೊರಟುಹೋದರೆಂದು ಆಮೇಲೆ ತಿಳಿಯಿತು. ರಜೆಯಲ್ಲಿ ಬೀರುವನ್ನು ತೆರೆದು ಆ ಪುಸ್ತಕವನ್ನು ಓದಿದೆವು. ಅದು ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'. ಮಣ್ಣನ್ನು ಕಳೆದುಕೊಳ್ಳುತ್ತಿದ್ದ ಆ ಮಗು ಅದರಲ್ಲಿ ಏನನ್ನು ಹುಡುಕುತ್ತಿದ್ದಿರಬೇಕೆಂಬುದು ಆಗ ನಮಗೆ ಹೊಳೆಯಿತು. ಅಂದಿನಿಂದ ನಾವು ಕಾದಂಬರಿಗಳನ್ನು ಪಾಠದಂತೆ ಓದತೊಡಗಿದೆವು. ಹಾಗೆ ಓದಿದವುಗಳಲ್ಲಿ ಐದನ್ನು ಕುರಿತು ಇಲ್ಲಿ ಬರೆಯುತ್ತೇವೆ.

ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಎಣಿಸಲ್ಪಡುವ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. 'ಸದ್ಧರ್ಮ ವಿಜಯ' ಎಂಬುದು ಇದರ ಎರಡನೆಯ ಹೆಸರು. ಬರೆದವರು ಪೊಲೀಸು ಇಲಾಖೆಯಲ್ಲಿ ಅಧಿಕಾರಿಗಳಾಗಿದ್ದ ಗುಲ್ವಾಡಿ ವೆಂಕಟರಾಯರು. ವಿಧವೆಯರ ಪುನರ್ವಿವಾಹಕ್ಕೆ 1856ರಲ್ಲಿಯೇ ಕಾನೂನಿನ ಸಮ್ಮತಿ ದೊರೆತಿದ್ದರೂ ಮನೆಗಳ ಒಳಗೆ ಆ ಕಾನೂನು ಇನ್ನೂ ಕಾಲಿಟ್ಟಿರಲಿಲ್ಲ. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಇಂದಿರೆಗೆ ತಂದೆಯ ಮನೆಯಲ್ಲಿ ಅನ್ನಬಟ್ಟೆಗಳ ಕೊರತೆಯಿಲ್ಲ. ಆದರೆ ಆ ಮನೆಯು ಕಪಟ ಭಕ್ತರ ಬೀಡಾಗಿರುವುದರಿಂದ ಅವಳಿಗೆ ಅಲ್ಲಿಯೇ ಅಪಾಯವುಂಟು. ಆದುದರಿಂದ ಅವಳು ಮನೆಯನ್ನು ಬಿಟ್ಟು ಸುಧಾರಕರಾದ ಅಮೃತರಾಯರ ಆಶ್ರಯವನ್ನು ಸೇರಿ ವಿದ್ಯೆ ಕಲಿಯುವಳು, ಕೊನೆಗೆ ಇಂಗ್ಲೆಂಡಿನಲ್ಲಿ ಓದಿ ಬಂದ ಭಾಸ್ಕರರಾಯನನ್ನು ಮದುವೆಯಾಗುವಳು. ಮನೆಯನ್ನು ಬಿಟ್ಟ ಮಗಳು ಮನೆತನಕ್ಕೆ ದ್ರೋಹ ಬಗೆದಳೇ, ಅಥವಾ ಮಗಳನ್ನು ಕಾಪಾಡದ ಮನೆಯೇ ಮೊದಲು ಅವಳನ್ನು ಕೈಬಿಟ್ಟಿತೇ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಕಾದಂಬರಿಯ ಮೂಲಕ ಇಷ್ಟು ಧೈರ್ಯದಿಂದ ಎತ್ತಿದವರು ವೆಂಕಟರಾಯರು.

ಇದರ ಪಕ್ಕದಲ್ಲಿಟ್ಟು ಓದತಕ್ಕದ್ದು ಎಂ. ಕೆ. ಇಂದಿರಾ ಅವರು 1976ರಲ್ಲಿ ಪ್ರಕಟಿಸಿದ 'ಫಣಿಯಮ್ಮ'. ಇದು ಲೇಖಕಿಯ ಬಂಧುವರ್ಗದಲ್ಲಿ ನಿಜವಾಗಿಯೂ ಬಾಳಿದ ಹಿರಿಯಳೊಬ್ಬಳ ಜೀವನದಿಂದ ಮೂಡಿದ ಕಥೆ. ಇಲ್ಲಿಯೂ ನಾಯಕಿ ಬಾಲವಿಧವೆಯೇ. ಆದರೆ ಇವಳು ಮಲೆನಾಡಿನ ಆ ದೊಡ್ಡ ಮನೆಯನ್ನು ಬಿಟ್ಟು ಹೊರಡಲಿಲ್ಲ. ತಲೆ ಬೋಳಿಸಿಕೊಂಡು, ಹೊತ್ತಿಗೊಂದು ತುತ್ತು ತಿಂದು, ಮೂರು ತಲೆಮಾರುಗಳ ಬಾಣಂತನಗಳನ್ನೂ ಮದುವೆಗಳನ್ನೂ ನಡೆಸಿಕೊಟ್ಟಳು. ಮುಂದೆ ಎಳೆಯ ವಿಧವೆಯೊಬ್ಬಳು ಕೂದಲನ್ನು ತೆಗೆಸಲೊಲ್ಲೆನೆಂದು ಹಟ ಹಿಡಿದಾಗ, ಅವಳ ಪರವಾಗಿ ನಿಂತವಳು ಈ ಮುದುಕಿಯೇ. ಇಂದಿರೆ ಹೊರಟುಹೋಗಿ ಬದುಕಿದಳು, ಫಣಿಯಮ್ಮ ಉಳಿದುಕೊಂಡು ಬಾಗಿಲನ್ನು ತುಸು ತೆರೆದಳು. ಇಬ್ಬರಲ್ಲಿ ಯಾರು ಹೆಚ್ಚಿನವರೆಂದು ತರಗತಿಯಲ್ಲಿ ಕೇಳಿದಾಗ ಹುಡುಗಿಯರು ಒಮ್ಮತಕ್ಕೆ ಬರುವುದಿಲ್ಲ, ಬರಬೇಕೆಂಬ ಅಪೇಕ್ಷೆಯೂ ನಮಗಿಲ್ಲ.

ಮೂರನೆಯದು ಇಂಗ್ಲಿಷಿನಲ್ಲಿ ಬರೆದದ್ದು. ಅಹಮದ್‌ನಗರದಲ್ಲಿ 1862ರಲ್ಲಿ ಹುಟ್ಟಿದ ಕೃಪಾಬಾಯಿ ಸತ್ಯನಾಥನ್ ಕ್ರೈಸ್ತಮತವನ್ನು ಸ್ವೀಕರಿಸಿದ ಮರಾಠಿ ಬ್ರಾಹ್ಮಣ ಮನೆತನದವರು. 1878ರಲ್ಲಿ ಮದ್ರಾಸು ವೈದ್ಯಕೀಯ ಕಾಲೇಜನ್ನು ಸೇರಿ, ಆರೋಗ್ಯ ಕೆಟ್ಟುದರಿಂದ ವ್ಯಾಸಂಗವನ್ನು ಬಿಡಬೇಕಾಯಿತು. 1894ರಲ್ಲಿ, ಇನ್ನೂ ಎಳೆಯ ಪ್ರಾಯದಲ್ಲಿಯೇ, ತೀರಿಕೊಂಡರು. ಅವರ ಆತ್ಮಕಥೆಯೆನ್ನಬಹುದಾದ 'ಸಗುಣಾ' 1887 ಮತ್ತು 1888ರಲ್ಲಿ ಪತ್ರಿಕೆಯೊಂದರಲ್ಲಿ ಬಿಡಿಬಿಡಿಯಾಗಿ ಬಂದು, ಅವರ ಮರಣದ ಮರುವರ್ಷ ಪುಸ್ತಕರೂಪವನ್ನು ತಾಳಿತು. ಗಂಡನು ಮತಾಂತರ ಹೊಂದಿದಾಗ ಹೆಂಡತಿಗೆ ತವರೂ ಬಂಧುಗಳೂ ಒಮ್ಮೆಗೇ ದೂರವಾಗುವ ಸಂಕಟವನ್ನು ಅವರು ಮುಚ್ಚಿಡಲಿಲ್ಲ. ಮಗಳ ಸಂಕಟವಾದರೋ ಬೇರೆ ಬಗೆಯದು. ಹಳೆಯ ಬಂಧುಗಳಿಗೆ ಅವಳು ಹೊರಗಿನವಳು, ಆಕೆಯನ್ನು ಓದಿಸುವ ಪರದೇಶದ ಮಹಿಳೆಯರಲ್ಲಿಯೂ ಕೆಲವರ ಕಣ್ಣಿಗೆ ಕೆಳಗಿನವಳು. ಆ ಅವಮಾನವನ್ನೂ ಕೃಪಾಬಾಯಿಯವರು ನೇರವಾಗಿ ಬರೆದಿದ್ದಾರೆ. ತಾವು ನಂಬಿದ ಧರ್ಮವನ್ನು ಬಿಡದೆ, ತಾವು ಹುಟ್ಟಿದ ನಾಡನ್ನು ಹಳಿಯದೆ, ಎರಡರಲ್ಲಿಯೂ ಇದ್ದ ತಪ್ಪನ್ನು ತಪ್ಪೆಂದು ಹೇಳಿದ ಈ ತರುಣಿಯ ಸ್ಥೈರ್ಯವು ನಮ್ಮಂತಹ ಶಾಲೆಗಳಲ್ಲಿ ಕಲಿತವರಿಗೆ ಹತ್ತಿರದ ಮೇಲ್ಪಂಕ್ತಿಯಾಗಿದೆ.

ಮನೆಯೆಂದರೆ ಗೋಡೆ ಮಾಡುಗಳಷ್ಟೇ ಅಲ್ಲ, ಅದರ ಕೆಳಗಿನ ನೆಲವೂ ಹೌದು. ನೆಲವೇ ಇಲ್ಲದವನ ಕಥೆಯನ್ನು ಕಾರಂತರು 1933ರ 'ಚೋಮನ ದುಡಿ'ಯಲ್ಲಿ ಬರೆದರು. ಜೀತದಾಳಾದ ಚೋಮನಿಗೆ ತುಂಡು ಭೂಮಿಯಲ್ಲಿ ತಾನೂ ಬೇಸಾಯ ಮಾಡಬೇಕೆಂಬ ಆಸೆ. ಎತ್ತುಗಳಿವೆ, ಗದ್ದೆಯಿಲ್ಲ. ಅಸ್ಪೃಶ್ಯನಿಗೆ ಬೇಸಾಯದ ಗೌರವವನ್ನು ಕೊಡಲು ಊರಿನ ಕಟ್ಟಳೆ ಒಪ್ಪದು. ಮತ ಬದಲಾಯಿಸಿದರೆ ನೆಲ ದೊರೆಯಬಹುದೆಂದು ಅವನೊಮ್ಮೆ ಹೊರಟರೂ, ತಾನು ನಂಬಿದ ಪಂಜುರ್ಲಿಯನ್ನು ಬಿಡಲಾರದೆ ಹಿಂದಿರುಗುವನು. ಒಬ್ಬರು ಅವನಿಗೆ ನೆಲವನ್ನು ಕೊಡಲಿಲ್ಲ, ಇನ್ನೊಬ್ಬರಿಂದ ಅದನ್ನು ಪಡೆಯಲು ಅವನು ತನ್ನ ದೈವವನ್ನೇ ತೆರಬೇಕಾಗಿದ್ದಿತು. ಈ ಭಾಗವನ್ನು ನಾವು ಹಾರಿಸಿ ಓದಬಾರದು. ಬಡವನ ಹಸಿವನ್ನು ನೋಡಿ ಅವನ ಆತ್ಮಕ್ಕೆ ಬೆಲೆ ಕಟ್ಟುವುದು ಯಾವ ಧರ್ಮಕ್ಕೂ ಶೋಭೆಯಲ್ಲ.

ಇನ್ನು 'ಮರಳಿ ಮಣ್ಣಿಗೆ'. 1940ರ ದಶಕದ ಆರಂಭದಲ್ಲಿ ಹೊರಬಂದ ಈ ಗ್ರಂಥವು ಅಂದಿನ ದಕ್ಷಿಣ ಕನ್ನಡದ ಕಡಲ ತೀರದ ಕೋಡಿ ಗ್ರಾಮದ ಒಂದು ಮನೆತನದ ಮೂರು ತಲೆಮಾರುಗಳ ಚರಿತ್ರೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಮರಳುನೆಲ. ಪುರೋಹಿತರಾದ ರಾಮ ಐತಾಳರು ಮನೆಯ ಯಜಮಾನರು. ಆದರೆ ಆ ಮನೆಯನ್ನು ಹೊತ್ತು ನಿಂತವರು ಅವರ ಮಡದಿ ಪಾರ್ವತಿ ಮತ್ತು ವಿಧವೆಯಾದ ತಂಗಿ ಸರಸೋತಿ. ಸಂತಾನವಿಲ್ಲವೆಂದು ಐತಾಳರು ಎರಡನೆಯ ಮದುವೆಯಾದಾಗ ಪಾರ್ವತಿ ನುಂಗಿಕೊಂಡ ದುಃಖ, ಸವತಿಯ ಮಗನನ್ನು ತನ್ನ ಮಗನಂತೆ ಎತ್ತಿ ಆಡಿಸಿದ ಅವಳ ಮಮತೆ, ಇವನ್ನು ಓದುವಾಗ ನಮ್ಮ ಅಜ್ಜಿಯಂದಿರ ಮುಖಗಳು ಕಣ್ಣೆದುರು ಬರುತ್ತವೆ.

ಆ ಮಗ ಲಚ್ಚನನ್ನು ಐತಾಳರು ಇಂಗ್ಲಿಷು ಕಲಿಯಲು ಪೇಟೆಗೆ ಕಳುಹಿಸುವರು. ಅವನು ಪುಸ್ತಕದ ವಿದ್ಯೆಯೊಂದಿಗೆ ದುರ್ವ್ಯಸನಗಳನ್ನೂ ಕಲಿತು, ಹಳ್ಳಿಯ ಮನೆಯನ್ನು ಕಂಡರೆ ನಾಚುವವನಾಗುವನು. ಇತ್ತ ನೆರೆಯ ಶೀನ ಮಯ್ಯರ ಮಕ್ಕಳು ಬೆಂಗಳೂರಿನಲ್ಲಿ ಹೋಟೆಲು ಇಟ್ಟು ಹಣವಂತರಾಗುವರು. ಓದು, ಹೋಟೆಲು, ಎರಡೂ ಕರಾವಳಿಯ ಮಕ್ಕಳನ್ನು ಊರಿನಿಂದ ಸೆಳೆದ ಬಗೆಯನ್ನು ಚರಿತ್ರೆಯ ಪುಸ್ತಕಗಳಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದು ಕಷ್ಟ. ಲಚ್ಚನ ಹೆಂಡತಿ ನಾಗವೇಣಿ, ಗಂಡನ ಕಪಟದಿಂದ ಆಸ್ತಿಯೂ ಕೈಬಿಟ್ಟುಹೋದಮೇಲೆ, ಮಗ ರಾಮನನ್ನು ಬಡತನದಲ್ಲಿ ಬೆಳೆಸುವಳು. ರಾಮನೂ ಓದುವನು, ಪಟ್ಟಣಗಳನ್ನು ಕಾಣುವನು, ಸ್ವಾತಂತ್ರ್ಯದ ಚಳವಳಿಗೂ ಇಳಿಯುವನು. ಆದರೆ ಕೊನೆಗೆ ತಾಯಿಯಿದ್ದ ಆ ಮರಳುನೆಲಕ್ಕೇ ಹಿಂದಿರುಗುವನು.

ಇಲ್ಲಿ ಒಂದು ಎಚ್ಚರಿಕೆ ಬೇಕು. ವಿದ್ಯೆಯು ಮಕ್ಕಳನ್ನು ಕೆಡಿಸುವುದೆಂದು ಈ ಗ್ರಂಥವು ಹೇಳುವುದೆಂದು ಕೆಲವರು ತಿಳಿಯುತ್ತಾರೆ. ಲಚ್ಚನೂ ಓದಿದವನೇ, ರಾಮನೂ ಓದಿದವನೇ. ತನ್ನ ಓದಿಗಾಗಿ ಮನೆಯಲ್ಲಿ ಯಾರು ಬೆವರು ಸುರಿಸಿದರೆಂಬುದನ್ನು ಒಬ್ಬನು ಮರೆತನು, ಇನ್ನೊಬ್ಬನು ನೆನೆದನು. ಭೇದವಿರುವುದು ಅಷ್ಟರಲ್ಲಿಯೇ. ಹಿಂದಿರುಗಲು ಎಲ್ಲರಿಗೂ ನೆಲವು ಉಳಿದಿರುವುದಿಲ್ಲ. ನೆನಪಿನ ಋಣವನ್ನಾದರೋ ಎಲ್ಲಿದ್ದರೂ ಸಲ್ಲಿಸಬಹುದು.

ಮನೆಯಲ್ಲಿ ಮಕ್ಕಳೊಂದಿಗೆ ಈ ಪುಸ್ತಕಗಳನ್ನು ಓದುವ ತಾಯಂದಿರಿಗೆ ಮೂರು ಪ್ರಶ್ನೆಗಳನ್ನು ಸೂಚಿಸುತ್ತೇವೆ. ಒಂದನೆಯದು, ಈ ಮನೆಯಲ್ಲಿ ದುಡಿಯುವವರು ಯಾರು, ಮಾತು ನಡೆಯುವುದು ಯಾರದು? ಎರಡನೆಯದು, ಈ ಮನೆಯ ಹೊಸ್ತಿಲಿನ ಹೊರಗೆ ನಿಲ್ಲಿಸಲ್ಪಟ್ಟವರು ಯಾರು? ಮೂರನೆಯದು, ಹೊರಟುಹೋದವರು ತಮ್ಮೊಡನೆ ಏನನ್ನು ಕೊಂಡುಹೋದರು? ಇವಕ್ಕೆ ಉತ್ತರ ಹುಡುಕುತ್ತ ಹೋದರೆ ಮಾತು ತಾನಾಗಿಯೇ ಕಾದಂಬರಿಯನ್ನು ಬಿಟ್ಟು ನಿಮ್ಮ ಮನೆಗೆ ಬಂದು ನಿಲ್ಲುವುದು. ಆಗ ಪುಸ್ತಕವನ್ನು ಮುಚ್ಚಿಟ್ಟು ಮಕ್ಕಳ ಮಾತನ್ನು ಕೇಳಿರಿ.

ಬೀರುವಿನಲ್ಲಿ ಬೀಗ ಹಾಕಿಟ್ಟ ಆ ಪುಸ್ತಕವು ಈಗಲೂ ನಮ್ಮಲ್ಲಿದೆ. ಅದರ ಮೊದಲ ಪುಟದಲ್ಲಿ ಆ ಹುಡುಗಿ ತನ್ನ ಹೆಸರನ್ನೂ, ಈಗ ಬೇರೊಬ್ಬರದಾಗಿರುವ ಆ ಮನೆಯ ಹೆಸರನ್ನೂ ದುಂಡಗಿನ ಅಕ್ಷರಗಳಲ್ಲಿ ಬರೆದಿರುವಳು. ಈ ಸಂಚಿಕೆ ಅವಳ ಕೈಗೆ ಸೇರಿದರೆ ಒಮ್ಮೆ ಬಂದು ತನ್ನ ಪುಸ್ತಕವನ್ನು ತೆಗೆದುಕೊಂಡು ಹೋಗಲಿ. ಅಂದು ಕೇಳದೆ ಉಳಿದ ಮಾತನ್ನು ಕೇಳುವುದು ನಮಗೆ ಬಾಕಿಯಿದೆ.