ಎರಡು ಎಬಿ ಎಲ್ಲಿಂದ ಬಂತು?
ಅಭ್ಯಾಸ ಬೋಧನೆಯ ವೀಕ್ಷಣೆ ಕುರಿತು ಒಂದು ಟಿಪ್ಪಣಿ

ಅಭ್ಯಾಸ ಪಾಠ ಮುಗಿದ ಮೇಲೆ ವೀಕ್ಷಣಾ ಪುಸ್ತಕದಲ್ಲಿ ನಾವು ಬರೆಯುವ ಷರಾಗಳನ್ನು ಒಂದೇ ಸಲ ಕೂತು ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ‘ಧ್ವನಿ ಸ್ಪಷ್ಟವಾಗಿದೆ’, ‘ಪೀಠಿಕೆ ಇನ್ನಷ್ಟು ಚುರುಕಾಗಿರಲಿ’, ‘ಕಪ್ಪುಹಲಗೆಯ ಬಳಕೆ ಉತ್ತಮ’, ‘ಹಿಂದಿನ ಸಾಲಿನ ವಿದ್ಯಾರ್ಥಿಗಳ ಕಡೆಗೂ ಗಮನವಿರಲಿ’. ಎಲ್ಲವೂ ಪಾಠ ಮಾಡಿದವರ ಬಗ್ಗೆ. ಮಕ್ಕಳು ಏನು ಹೇಳಿದರು, ಏನು ಬರೆದರು ಎಂಬುದರ ಸುಳಿವಿಲ್ಲ. ಪುಸ್ತಕದ ಹೊದಿಕೆ ಮುಚ್ಚಿ ಓದಿದರೆ ಅದು ಇತಿಹಾಸದ ಪಾಠವೋ ಗಣಿತದ ಪಾಠವೋ ಎಂದು ಹೇಳುವುದೂ ಕಷ್ಟ. ಇಂಥ ಷರಾದಿಂದ ಪ್ರಶಿಕ್ಷಣಾರ್ಥಿ ಮರುದಿನ ಏನನ್ನು ಬದಲಿಸಬೇಕು?

8ನೇ ತರಗತಿಯ ಒಂದು ಪಾಠವನ್ನು ತೆಗೆದುಕೊಳ್ಳೋಣ. ವಿಷಯ: ನಿತ್ಯಸಮೀಕರಣ, (ಎ + ಬಿ)² = ಎ² + 2ಎಬಿ + ಬಿ². ಪ್ರಶಿಕ್ಷಣಾರ್ಥಿ ಬಿ.ಎಸ್ಸಿ. ಮುಗಿಸಿ ಬಂದವರು, ವಿಷಯದಲ್ಲಿ ಗಟ್ಟಿಗರು. ಚೌಕದ ಚಾರ್ಟು ತಂದಿದ್ದರು, ಹಲಗೆಯ ಮೇಲೆ ಹಂತ ಹಂತವಾಗಿ ಬಿಡಿಸಿದರು, ಸೂತ್ರವನ್ನು ತರಗತಿಯಿಂದ ಒಕ್ಕೊರಲಲ್ಲಿ ಹೇಳಿಸಿದರು. ಅಂದು ನಾನು ಕೊನೆಯ ಬೆಂಚಿನ ಬದಲು ಮಧ್ಯದ ಸಾಲಿನಲ್ಲಿ ಕೂತಿದ್ದೆ. ಪಕ್ಕದ ಹುಡುಗಿ ಎಲ್ಲರ ಜೊತೆ ಸೂತ್ರವನ್ನು ತಪ್ಪಿಲ್ಲದೆ ಹೇಳಿದಳು. ಅಭ್ಯಾಸದ ಲೆಕ್ಕ ಕೊಟ್ಟಾಗ ನೋಟ್‌ಬುಕ್ಕಿನಲ್ಲಿ (ಎಕ್ಸ್ + 3)² = ಎಕ್ಸ್² + 9 ಎಂದು ಬರೆದು, ಕೆಳಗೆ ಸ್ಕೇಲಿನಿಂದ ಗೆರೆ ಎಳೆದಳು. ಹಲಗೆಯ ಮೇಲೆ ಸರಿಯಾದ ಸೂತ್ರ ಇನ್ನೂ ಇತ್ತು.

ಪಾಠದ ನಂತರ ಆ ಪುಟ ತೋರಿಸಿದಾಗ ಪ್ರಶಿಕ್ಷಣಾರ್ಥಿ ಹೇಳಿದ್ದು: “ಮೇಡಂ, ಅವಳು ಗಮನ ಕೊಟ್ಟಿಲ್ಲ. ನಾಳೆ ಸೂತ್ರ ಹತ್ತು ಸಲ ಬರೆಸ್ತೀನಿ.” ಬಹುಮಟ್ಟಿಗೆ ನಮ್ಮ ಶಾಲೆಗಳು ಕೊಡುವ ಔಷಧವೂ ಇದೇ. ಆದರೆ ಅವಳು ಗಮನ ಕೊಟ್ಟಿದ್ದಳು. ಗಮನ ಕೊಟ್ಟೇ ತಪ್ಪು ಮಾಡಿದ್ದಳು. 2(ಎ + ಬಿ) ಎಂದರೆ 2ಎ + 2ಬಿ ಎಂದು ಅವಳು ಹಿಂದೆ ಕಲಿತಿದ್ದಾಳೆ. (ಎಬಿ)² ಎಂದರೆ ಎ²ಬಿ² ಎಂದು ಘಾತಾಂಕಗಳ ಅಧ್ಯಾಯದಲ್ಲಿ ಕಲಿತಿದ್ದಾಳೆ. ಎರಡರಲ್ಲೂ ಆವರಣದ ಹೊರಗಿದ್ದದ್ದು ಒಳಗಿನ ಪ್ರತಿಯೊಂದಕ್ಕೂ ತಗಲುತ್ತದೆ. ಇಲ್ಲೂ ಹಾಗೆಯೇ ತಗಲಿಸಿದಳು. ನಾವೇ ಕಲಿಸಿದ ಎರಡು ಸರಿಯಾದ ನಿಯಮಗಳಿಂದ ಹುಟ್ಟಿದ ತಪ್ಪು ಇದು. ಹತ್ತು ಸಲ ಬರೆಸಿದರೆ ಸೂತ್ರ ನೆನಪಿರಬಹುದು, ಒಳಗಿನ ತರ್ಕ ಹಾಗೇ ಉಳಿಯುತ್ತದೆ. (ಎಕ್ಸ್ − 3)² ಬಂದಾಗ ಅದು ಮತ್ತೆ ತಲೆ ಎತ್ತುತ್ತದೆ.

ಮಾತುಕತೆ ಇಲ್ಲಿಂದ ಮುಂದೆ ನಿಜವಾಗಿ ವಿಷಯದ ಒಳಗೆ ಹೋಯಿತು. ಮೊದಲು ಸಂಖ್ಯೆ ಹಾಕಿ ನೋಡಿಸಬಹುದು: ಎಕ್ಸ್ = 1 ಆದರೆ ಒಂದು ಕಡೆ 16, ಇನ್ನೊಂದು ಕಡೆ 10. ಮಗುವೇ ‘ಇದು ಸಮ ಅಲ್ಲ’ ಎನ್ನುತ್ತದೆ. ಆದರೆ ಯಾವ ಸಂಖ್ಯೆ ಹಾಕುತ್ತೇವೆ ಎಂಬುದೂ ಮುಖ್ಯ. ಸುಲಭವೆಂದು ಎಕ್ಸ್ = 0 ಹಾಕಿದರೆ ಎರಡೂ ಕಡೆ 9 ಬರುತ್ತದೆ, ತಪ್ಪಿಗೆ ಮುದ್ರೆ ಬಿದ್ದಂತಾಗುತ್ತದೆ. ಸಂಖ್ಯೆ ತಪ್ಪನ್ನು ತೋರಿಸುತ್ತದೆ ಹೊರತು ಕಾರಣ ಹೇಳುವುದಿಲ್ಲ. ಕಾರಣಕ್ಕೆ ಚಿತ್ರ ಬೇಕು. ಅವರ ಚಾರ್ಟನ್ನು ಮತ್ತೆ ಬಿಡಿಸಿ ನೋಡಿದೆವು. ಅಂದವಾಗಿ ಕಾಣಲೆಂದು ಚೌಕದ ಬಾಹುವನ್ನು ಸರಿಯಾಗಿ ಮಧ್ಯಕ್ಕೆ ಭಾಗ ಮಾಡಿದ್ದರು. ಎ ಮತ್ತು ಬಿ ಒಂದೇ ಅಳತೆ, ನಾಲ್ಕು ತುಂಡುಗಳೂ ಒಂದೇ ಬಗೆಯ ಚೌಕ! ಆ ಚಿತ್ರದಲ್ಲಿ ಎ² ಯಾವುದು, ಎಬಿ ಯಾವುದು ಎಂದು ಮಕ್ಕಳು ಹೇಗೆ ಹೇಳಬೇಕು? 5 ಸೆಂ.ಮೀ. ಬಾಹುವನ್ನು 2 ಮತ್ತು 3 ಆಗಿ ಒಡೆದರೆ 4 ಮತ್ತು 9 ಚದರ ಸೆಂ.ಮೀ.ನ ಎರಡು ಚೌಕಗಳೂ 6ರ ಎರಡು ಆಯತಗಳೂ ಬೇರೆ ಬೇರೆಯಾಗಿ ಕಾಣುತ್ತವೆ. ಹುಡುಗಿ ಬರೆದದ್ದು ಎರಡು ಚೌಕಗಳನ್ನು ಮಾತ್ರ. ಆಯತಗಳು ಬಿಟ್ಟುಹೋಗಿವೆ. ಚಿತ್ರಕ್ಕೂ ಮಿತಿಯಿದೆ, ಉದ್ದ ಋಣಾತ್ಮಕವಾಗಲಾರದು. ಆದ್ದರಿಂದ (ಎ + ಬಿ)(ಎ + ಬಿ) ಎಂದು ಬಿಡಿಸಿ ಬರೆದು ವಿಭಾಜಕ ನಿಯಮದಿಂದ ಸಾಧಿಸುವುದನ್ನು ಬಿಡುವಂತಿಲ್ಲ.

ಮರುದಿನ ಅವರು ಅದೇ ತರಗತಿಗೆ ಹೋಗಿ ಹೊಸ ಲೆಕ್ಕ ಕೊಡಲಿಲ್ಲ. ಹೆಸರು ಹೇಳದೆ ಆ ತಪ್ಪು ಉತ್ತರವನ್ನೇ ಹಲಗೆಯ ಮೇಲೆ ಬರೆದು “ಇದು ಸರಿಯೋ ಅಲ್ಲವೋ, ಹೇಗೆ ಗೊತ್ತಾಗುತ್ತೆ?” ಎಂದು ಕೇಳಿದರು. ಸ್ವಲ್ಪ ಹೊತ್ತಿನ ಗದ್ದಲದ ನಂತರ ಒಬ್ಬ ಹುಡುಗ ಎದ್ದು ಕೇಳಿದ: “ಸರ್, ಎ, ಬಿ ಎರಡನ್ನೂ ಬರೀ ಕೂಡಿದ್ದೀವಿ, ಗುಣಿಸೇ ಇಲ್ಲ. ಎರಡು ಎಬಿ ಎಲ್ಲಿಂದ ಬಂತು?” ಹಿಂದಿನ ದಿನದ ಅಚ್ಚುಕಟ್ಟಾದ ಪಾಠದಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ಅದನ್ನು ಇತ್ಯರ್ಥ ಮಾಡುವುದರಲ್ಲೇ ಅವಧಿ ಮುಗಿಯಿತು. ಪಾಠಯೋಜನೆಯ ಮೌಲ್ಯಮಾಪನದ ಹಂತ ಉಳಿದುಹೋಯಿತು. ನಮ್ಮ ಈಗಿನ ಅಂಕಪಟ್ಟಿಯ ಪ್ರಕಾರ ಎರಡನೆಯ ದಿನದ ಪಾಠಕ್ಕೆ ಮೊದಲ ದಿನಕ್ಕಿಂತ ಕಡಿಮೆ ಅಂಕ ಬೀಳುತ್ತದೆ. ಯೋಚಿಸಬೇಕಾದ ಮಾತು.

ಇದು ಒಬ್ಬ ಪ್ರಶಿಕ್ಷಣಾರ್ಥಿಯ ಕೊರತೆಯಲ್ಲ. ಪದವಿಯಲ್ಲಿ ಸಮೂಹ ಸಿದ್ಧಾಂತ ಓದಿದವರನ್ನು ಈ ತಪ್ಪು ಏಕೆ ಹುಟ್ಟುತ್ತದೆ ಎಂದು ಯಾರೂ ಕೇಳಿರುವುದಿಲ್ಲ. ಜರ್ಮನ್ ಗಣಿತಜ್ಞ ಫೆಲಿಕ್ಸ್ ಕ್ಲೈನ್ 1908ರಷ್ಟು ಹಿಂದೆಯೇ ಈ ಬಿರುಕನ್ನು ಗುರುತಿಸಿದ್ದರು: ವಿಶ್ವವಿದ್ಯಾನಿಲಯಕ್ಕೆ ಬಂದವನು ಶಾಲೆಯ ಗಣಿತವನ್ನು ಮರೆಯುತ್ತಾನೆ, ಶಿಕ್ಷಕನಾಗಿ ಶಾಲೆಗೆ ಮರಳಿದಾಗ ವಿಶ್ವವಿದ್ಯಾನಿಲಯದ ಗಣಿತವನ್ನು ಮರೆಯುತ್ತಾನೆ. ವಿಷಯವನ್ನು ಬಲ್ಲುದಕ್ಕೂ ಅದನ್ನು ಕಲಿಸಬಲ್ಲ ರೀತಿಯಲ್ಲಿ ಬಲ್ಲುದಕ್ಕೂ ನಡುವಿನ ಅಂತರಕ್ಕೆ ಲೀ ಶುಲ್ಮನ್ 1986ರಲ್ಲಿ ಹೆಸರಿಟ್ಟರು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ನಾಲ್ಕು ವರ್ಷದ ಸಂಯೋಜಿತ ಪದವಿಯಲ್ಲಿ ವಿಷಯವೂ ಬೋಧನಶಾಸ್ತ್ರವೂ ಜೊತೆಜೊತೆಗೆ ಸಾಗುತ್ತವೆ. ನಮ್ಮ ಬಿ.ಎಡ್.ನಲ್ಲಿ ಒಂದಾದ ಮೇಲೆ ಇನ್ನೊಂದು. ಹೊಲಿಗೆ ಹಾಕುವ ಕೆಲಸ ಅಭ್ಯಾಸ ಬೋಧನೆಯ ಪಾಲಿಗೆ ಬೀಳುತ್ತದೆ.

ಆ ಕೆಲಸ ಸೂಕ್ಷ್ಮಬೋಧನೆಯಿಂದ ಆಗದು. 36 ನಿಮಿಷದ ಆವರ್ತನದಲ್ಲಿ 6 ನಿಮಿಷ ಪಾಠ ಮಾಡುವಾಗ ಎದುರು ಕೂತವರು ಸಹಪಾಠಿಗಳು. ಬೇಕೆಂದೇ ತಪ್ಪು ಉತ್ತರ ಕೊಟ್ಟರೂ ಅದು ನಟನೆ, ಹಿಂದೆ ಕಲಿತ ನಿಯಮದ ಭಾರ ಅದಕ್ಕಿಲ್ಲ. ಪ್ರಶ್ನಿಸುವ ಕೌಶಲ, ಹಲಗೆಯ ಕೌಶಲಗಳಿಗೆ ಅದು ಸಾಕು. ಮಗುವಿನ ತಪ್ಪು ಸಿಗುವುದು ಶಾಲೆಯಲ್ಲೇ. 2014ರ ಎನ್.ಸಿ.ಟಿ.ಇ. ನಿಯಮಾವಳಿ ಎರಡು ವರ್ಷದ ಬಿ.ಎಡ್.ಗೆ ಒಟ್ಟು 20 ವಾರಗಳ ಶಾಲಾ ಸಂಪರ್ಕವನ್ನು ಇಟ್ಟಿದೆ: ಮೊದಲ ವರ್ಷ 4, ಎರಡನೆಯ ವರ್ಷ 16. ಇಂಟರ್ನ್‌ಶಿಪ್ಪಿಗೆ ಶೇ. 90 ಹಾಜರಾತಿ ಬೇಕು. ಇಷ್ಟು ವಾರ ಸಿಕ್ಕ ಮೇಲೂ ನಾವು ಪಾಠಗಳನ್ನು ಬಿಡಿಬಿಡಿಯಾಗಿ ಎಣಿಸುತ್ತೇವೆ. ಇಂದು 8ನೇ ತರಗತಿ, ನಾಳೆ 9, ‘ಎಷ್ಟು ಪಾಠ ಆಯಿತು?’ ಒಂದೇ ತರಗತಿಗೆ ಮರುದಿನ ಹೋಗುವ ಅವಕಾಶವೇ ದೀರ್ಘ ಇಂಟರ್ನ್‌ಶಿಪ್ಪಿನ ಲಾಭ. ವೇಳಾಪಟ್ಟಿ ಹಾಕುವಾಗ ಒಂದು ಘಟಕ ಮುಗಿಯುವವರೆಗೆ ತರಗತಿ ಬದಲಾಗದಂತೆ ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಪಠ್ಯ ಮುಗಿಸುವ ಚಿಂತೆಯುಳ್ಳ ವಿಷಯ ಶಿಕ್ಷಕರನ್ನು ಒಪ್ಪಿಸುವುದು ಇನ್ನೂ ಕಷ್ಟ. ಅವರನ್ನೂ ನಂತರದ ಮಾತುಕತೆಗೆ ಕರೆಯುವುದು ಒಳ್ಳೆಯದು. ಮಕ್ಕಳ ತಪ್ಪುಗಳ ಬಗ್ಗೆ ನಮಗಿಂತ ಅವರಿಗೆ ಹೆಚ್ಚು ಗೊತ್ತು.

ವೀಕ್ಷಣಾ ಪುಸ್ತಕದಲ್ಲಿ ದೊಡ್ಡ ಬದಲಾವಣೆ ಬೇಕಿಲ್ಲ. ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ದ ಕೆಳಗೆ, ಮಕ್ಕಳು ಕೊಡಬಹುದಾದ ಎರಡು ತಪ್ಪು ಉತ್ತರಗಳನ್ನೂ ಅವುಗಳ ಕಾರಣವನ್ನೂ ಪ್ರಶಿಕ್ಷಣಾರ್ಥಿ ಮೊದಲೇ ಬರೆಯಲಿ. ಮೊದಮೊದಲು ‘ಲೆಕ್ಕ ತಪ್ಪು ಮಾಡಬಹುದು’ ಎಂದಷ್ಟೇ ಬರೆಯುತ್ತಾರೆ, ಅದನ್ನು ಹಿಂದಿರುಗಿಸಬೇಕು. ವೀಕ್ಷಕರು ಮಕ್ಕಳ ನಡುವೆ ಕೂತು ಒಂದು ಉತ್ತರವನ್ನಾದರೂ ಇದ್ದಂತೆಯೇ ನಕಲು ಮಾಡಿಕೊಳ್ಳಲಿ. ಪಾಠದ ನಂತರ ಐದು ನೋಟ್‌ಬುಕ್ಕುಗಳನ್ನು ಪ್ರಶಿಕ್ಷಣಾರ್ಥಿಯೇ ಕೇಳಿ ತರಲಿ. ಜಾಣರವು ಮಾತ್ರ ಬೇಡ. ಮರುದಿನದ ಯೋಜನೆ ಆ ಐದರಿಂದ ಶುರುವಾಗಲಿ. ಇದಕ್ಕೆ ಅಂಕ ಇಡಬೇಕೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಮೊದಲ ಕೆಲವು ವಾರ ಬೇಡ ಎಂದು ನನ್ನ ಅಭಿಪ್ರಾಯ. ಅಂಕ ಇಟ್ಟ ಕೂಡಲೇ ತಪ್ಪಿಲ್ಲದ ಐದು ಪುಸ್ತಕಗಳೇ ಮೇಜಿಗೆ ಬರುತ್ತವೆ.