ಆಕ್ಸೊಲಾಟ್ಲ್ ಸಾಕುವ ಮುನ್ನ ನೀರನ್ನು ಹದಮಾಡಿರಿ

ದನದ ಹಟ್ಟಿಯನ್ನು ಎರಡು ದಿನ ಗುಡಿಸದೆ ಬಿಟ್ಟರೆ ಮೂಗಿಗೆ ಬಡಿಯುವ ಘಾಟು ಅಮೋನಿಯದ್ದು. ನೀರಿನ ಪ್ರಾಣಿಗಳ ಹೊಲಸಿನಿಂದಲೂ ತಿಂದುಳಿದ ಆಹಾರ ಕೊಳೆಯುವುದರಿಂದಲೂ ಹುಟ್ಟುವುದು ಇದೇ ವಸ್ತು. ಹಟ್ಟಿಯಲ್ಲಿ ಅದು ಗಾಳಿಗೆ ಹಾರಿಹೋದೀತು. ಗಾಜಿನ ತೊಟ್ಟಿಯಲ್ಲಿ ನೀರಿನಲ್ಲೇ ನಿಂತು ಪ್ರಾಣಿಯ ಕಿವಿರುಗಳನ್ನು ಸುಡುತ್ತದೆ. ಮಕ್ಕಳ ಆಸೆಗೆಂದು ಪೇಟೆಯಿಂದ ಆಕ್ಸೊಲಾಟ್ಲ್ ತರುವವರು ಮೊದಲು ತಿಳಿಯಬೇಕಾದ ಸಂಗತಿ ಇದು.

ಆಕ್ಸೊಲಾಟ್ಲ್ ನೋಡಲು ಹಲ್ಲಿಯಂತಿದ್ದರೂ ಕಪ್ಪೆಯಂತೆ ಉಭಯಚರ ವರ್ಗಕ್ಕೆ ಸೇರಿದ್ದು. ತಲೆಯ ಎರಡೂ ಬದಿಗೆ ಗರಿಗಳಂಥ ಮೂರು ಮೂರು ಕಿವಿರುಗಳು, ಬಾಳೆಲ್ಲ ನೀರಿನಲ್ಲೇ. ತವರು ಮೆಕ್ಸಿಕೋ ನಗರದ ದಕ್ಷಿಣದ ಸೊಚಿಮಿಲ್ಕೊ ಕಾಲುವೆಗಳು. ಅಲ್ಲಿಯ ರೈತರು ಕೆಸರು, ಜೊಂಡುಗಳನ್ನು ಪೇರಿಸಿ ಕಟ್ಟಿದ ‘ಚಿನಾಂಪ’ ಎಂಬ ತೋಟಗಳ ಸುತ್ತಲಿನ ತಣ್ಣೀರೇ ಅದರ ನೆಲೆ. 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದುದು 2014ರ ಹೊತ್ತಿಗೆ ಸುಮಾರು 36ಕ್ಕೆ ಇಳಿಯಿತು. ಆದುದರಿಂದ ಕೊಳ್ಳುವ ಮೊದಲು ಅರಣ್ಯ ಇಲಾಖೆಯಲ್ಲಿ ನೋಂದಣಿಯ ನಿಯಮಗಳನ್ನು ವಿಚಾರಿಸತಕ್ಕದ್ದು.

ತೊಟ್ಟಿ ಹದಕ್ಕೆ ಬರುವ ಬಗೆ

ಹೊಲಕ್ಕೆ ಹಾಕಿದ ಗೊಬ್ಬರದ ಅಮೋನಿಯವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಮೊದಲು ನೈಟ್ರೈಟಾಗಿ, ಆಮೇಲೆ ನೈಟ್ರೇಟಾಗಿ ಮಾರ್ಪಡಿಸುತ್ತವೆ. ತೊಟ್ಟಿಯ ಫಿಲ್ಟರಿನ ಸ್ಪಂಜಿನಲ್ಲಿಯೂ ಇಂಥ ಜೀವಿಗಳೇ ನೆಲೆಗೊಳ್ಳಬೇಕು. ಅದಕ್ಕೆ ಸಾಮಾನ್ಯವಾಗಿ 4ರಿಂದ 8 ವಾರ ಬೇಕು. ನೈಟ್ರೈಟೂ ವಿಷವೇ, ನೈಟ್ರೇಟಿನ ಕೆಡುಕು ಕಡಿಮೆ.

ಈ ಅವಧಿಯಲ್ಲಿ ಪ್ರಾಣಿಯನ್ನು ತೊಟ್ಟಿಗೆ ಬಿಡಕೂಡದು. ಫಿಲ್ಟರನ್ನು ಹಗಲಿರುಳು ನಡೆಸಿ, ಸುವಾಸನೆ, ಸಾಬೂನು ಬೆರೆಯದ ಅಮೋನಿಯ ದ್ರವವನ್ನು ಲೀಟರಿಗೆ 2 ಮಿಲಿಗ್ರಾಂ ಆಗುವಷ್ಟು ಸೇರಿಸಬೇಕು. ನೀರು 25 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸು ಬೆಚ್ಚಗಿದ್ದರೆ ಸೂಕ್ಷ್ಮಜೀವಿಗಳು ಬೇಗ ಹೆಚ್ಚುತ್ತವೆ. ಅಲಂಕಾರ ಮೀನಿನ ಅಂಗಡಿಯ ಪರೀಕ್ಷಾ ಪೆಟ್ಟಿಗೆಯಿಂದ ನೋಡುತ್ತಿರಬೇಕು. ಸೇರಿಸಿದ ಅಮೋನಿಯ 24 ಗಂಟೆಯಲ್ಲಿ ಸೊನ್ನೆಯಾಗಿ, ನೈಟ್ರೈಟೂ ಸೊನ್ನೆಯಾದರೆ ತೊಟ್ಟಿ ಹದಕ್ಕೆ ಬಂತು. ಆಗ ಹೆಚ್ಚಿನ ನೀರನ್ನು ಬದಲಿಸಿ, ತಣಿಸಿ, ಪ್ರಾಣಿಯನ್ನು ಬಿಡಬಹುದು. ಸ್ಪಂಜನ್ನು ಮಾತ್ರ ನಲ್ಲಿಯ ನೀರಿನಲ್ಲಿ ತೊಳೆಯಬಾರದು. ಕ್ಲೋರಿನಿನಿಂದ ಸೂಕ್ಷ್ಮಜೀವಿಗಳು ಸಾಯುತ್ತವೆ.

ಅಲ್ಲಿಯವರೆಗೆ ಪ್ರಾಣಿ ಎಲ್ಲಿ?

ಅಗಲವಾದ ಪ್ಲಾಸ್ಟಿಕ್ ತೊಟ್ಟಿಲಿನಂಥ ಪಾತ್ರೆಯಲ್ಲಿಟ್ಟು ದಿನವೂ ಪೂರ್ತಿ ನೀರು ಬದಲಿಸಬೇಕು. ಹೊಸ ನೀರು ಹಳೆಯದರಷ್ಟೇ ತಂಪಾಗಿರಲಿ. ನಲ್ಲಿಯ ನೀರಾದರೆ ಕ್ಲೋರಿನ್ ನಿವಾರಕ ಹಾಕಬೇಕು. ಹಟ್ಟಿಯ ಸಮೀಪದ ಬಾವಿಯಾದರೆ ನೀರನ್ನು ಮೊದಲು ಪರೀಕ್ಷಿಸಬೇಕು. ಈಗಾಗಲೇ ಹೊಸ ತೊಟ್ಟಿಗೆ ಬಿಟ್ಟವರು ಇಂದೇ ಹೊರತೆಗೆದು ಹೀಗೆಯೇ ಮಾಡಲಿ. ಆಹಾರಕ್ಕೆ ರಾಸಾಯನಿಕ ಸೋಕದ ಎರೆಹುಳು ಶ್ರೇಷ್ಠ.

ತಂಪು

ಇದಕ್ಕೆ 16ರಿಂದ 18 ಡಿಗ್ರಿ ಹಿತ; 24 ದಾಟಿದರೆ ಅಪಾಯ. ನೀರಿನ ಮೇಲೆ ಫ್ಯಾನಿನ ಗಾಳಿ ಬೀಸಿದರೆ ಕೆಲವು ಡಿಗ್ರಿ ಇಳಿಯುತ್ತದೆ. ಜತ್ತ, ಆದೋನಿಗಳ ಒಣಹವೆಯಲ್ಲಿ ಈ ಉಪಾಯ ಚೆನ್ನಾಗಿ ಫಲಿಸುತ್ತದೆ. ಕಾಸರಗೋಡಿನ ತೇವದ ಹವೆಯಲ್ಲಿ ಅಷ್ಟಿಲ್ಲ. ಮುಚ್ಚಿದ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ತೇಲಿಬಿಡಬಹುದು. ಆದರೆ ತಂಪು ಥಟ್ಟನೆ ಏರಿಳಿಯಬಾರದು. ಕಿವಿರುಗಳು ಮುಂದಕ್ಕೆ ಬಾಗಿ, ಪ್ರಾಣಿ ಮೇವು ಬಿಟ್ಟರೆ ಕೂಡಲೇ ನೀರನ್ನೂ ಶಾಖವನ್ನೂ ಪರೀಕ್ಷಿಸಿರಿ.

ಬದಲಿಸಿದ ನೀರನ್ನು ಚೆಲ್ಲದೆ ಬದನೆ, ಬಸಳೆಗಳ ಬುಡಕ್ಕೆ ಹಾಕಿದರೆ ನೈಟ್ರೇಟು ಗೊಬ್ಬರವಾಗುತ್ತದೆ. ಪ್ರಾಣಿ ಬೇಡವಾದರೂ ಕೆರೆಗೆ ಬಿಡಬಾರದು. ಬಿರುಬೇಸಿಗೆಯಲ್ಲಿ ತಣಿಸುವ ಯಂತ್ರವನ್ನು ಇಡಲಾರದವರು, ಕರೆಂಟು ಪದೇ ಪದೇ ಹೋಗುವ ಊರಿನವರು ಇದನ್ನು ತರದಿರುವುದೇ ಲೇಸೆಂದು ನಮ್ಮ ಸಲಹೆ.